"ಆರ್ಲಿ, ಕೂತ್ಕೊಳಿ" ಎನ್ನುತ್ತಿದ್ದ ಮೇಸ್ತ್ರಿ

ಮೇಸ್ತ್ರಿ ತೀರಿಕೊಂಡರೆಂದು ಫೋನು ಬಂದಾಗ ನಾನು ಹತ್ತನೇ ತರಗತಿಯ ವಿಜ್ಞಾನದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸುದ್ದಿ ಹೇಳಿದವರು ಕೊನೆಗೆ "ಎಂಥಾ ತಾಳ್ಮೆಯ ಮನುಷ್ಯ, ಅಲ್ವಾ?" ಎಂದರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ತಾಳ್ಮೆ ಇದ್ದದ್ದು ಅವರಿಗಲ್ಲ, ನಮಗೆ. ಅವರು ಸುಮ್ಮನೆ ಕೂತಿರುತ್ತಿದ್ದರು, ತಾಳಿಕೊಂಡವರು ನಾವು. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎಂದು ಗೊತ್ತು. ಆದರೆ ಅವರನ್ನು ಒಳ್ಳೆಯ ಮಾತಿನಲ್ಲಿ ಮುಚ್ಚಿಟ್ಟರೆ ಅದು ಅವರ ಚಿತ್ರವಾಗುವುದಿಲ್ಲ.

ಸಕಲೇಶಪುರದಲ್ಲಿ ಹೊಳೆ ಕಡೆಗೆ ಇಳಿಯುವ ರಸ್ತೆಯ ಪಕ್ಕ ಅವರ ತಗಡಿನ ಗ್ಯಾರೇಜು. ಬೋರ್ಡು ಇರಲಿಲ್ಲ. ಹೆಸರು ಕೇಳಿದವರನ್ನೂ ನಾನು ಕಾಣೆ. ಲಾರಿಯವರು, ಪಿಕಪ್ಪಿನವರು, ಎಸ್ಟೇಟ್ ಜೀಪಿನವರು ಎಲ್ಲರಿಗೂ ಅವರು ಮೇಸ್ತ್ರಿ. ಗಿರಾಕಿಗಳಿಗೆಂದು ಇದ್ದದ್ದು ಒಂದೇ ಆಸನ, ಯಾವುದೋ ಹಳೇ ಬಸ್ಸಿನಿಂದ ಕಿತ್ತಿಟ್ಟ ಇಬ್ಬರು ಕೂರುವ ಸೀಟು. ಒಂದು ಕಡೆ ಸ್ಪ್ರಿಂಗು ಎದ್ದಿತ್ತು. ಎಂಥೆಂಥಾ ಇಂಜಿನ್ ಎಬ್ಬಿಸಿ ಓಡಿಸಿದ ಮನುಷ್ಯ ಆ ಸ್ಪ್ರಿಂಗನ್ನು ಮಾತ್ರ ಮುಟ್ಟಲಿಲ್ಲ. ನಾನು ಕೇಳಿಯೂ ಕೇಳಿದೆ. "ಅದು ಸರಿಯಾದ್ರೆ ಜನ ಏಳಲ್ಲ ಟೀಚ್ರೇ" ಎಂದರು. ಏಳಲು ಬಿಡುತ್ತಿದ್ದರೇ? ಅದು ಬೇರೆ ಮಾತು.

ಅವರ ಬಳಿ ಉಪಕರಣಗಳು ಬೇಕಾದಷ್ಟಿದ್ದರೂ ಮೊದಲು ಕೈಗೆ ಬರುತ್ತಿದ್ದದ್ದು ಮೊಳದುದ್ದದ ಒಂದು ಸ್ಕ್ರೂಡ್ರೈವರು. ಅದರ ಮೊನೆಯನ್ನು ಓಡುವ ಇಂಜಿನ್ನಿಗಿಟ್ಟು, ಮರದ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ನೋಡಿದವರಿಗೆ ನಿದ್ದೆ ಬಂದಂತೆ ಕಾಣುತ್ತಿತ್ತು. ಬಿಸಿ ನೋಡುವುದಾದರೆ ಅಂಗೈಯಲ್ಲ, ಕೈಯ ಹಿಂಭಾಗ. ಒಮ್ಮೆ ಒಂದು ಎಸ್ಟೇಟಿನ ಮ್ಯಾನೇಜರು ಜೀಪು ತಂದು, ಡಬ್ಬದ ತುಂಬ ಹೊಸ ಪಾರ್ಟುಗಳನ್ನು ಮುಂದಿಟ್ಟು, "ಇವಿಷ್ಟೂ ಹಾಕ್ಬಿಡಿ" ಎಂದರು. ಮೇಸ್ತ್ರಿ ಡಬ್ಬದೊಳಗೆ ಇಣುಕಿ, "ಔಷ್ದಿ ಎಲ್ಲಾ ತಂದಿದೀರಿ ಸಾರ್. ಇನ್ನು ಕಾಯ್ಲೆ ತಗೊಂಬನ್ನಿ" ಎಂದರು. ಮ್ಯಾನೇಜರು ಜೀಪು ತಿರುಗಿಸಿಕೊಂಡು ಹೋದರು. ಮೂರು ದಿನಕ್ಕೆ ಮತ್ತೆ ಬಂದರು, ಡಬ್ಬವಿಲ್ಲದೆ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಬಿ.ಎಸ್ಸಿ., ಆಮೇಲೆ ಬಿ.ಎಡ್. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಅದು ಪುಕ್ಕಟೆ ಬಂದದ್ದಲ್ಲ. ಕೆ. ಹೊಸಕೋಟೆಯಿಂದ ಆಲೂರಿಗೊಂದು ಬಸ್ಸು, ಅಲ್ಲಿಂದ ಹಾಸನಕ್ಕೆ ಇನ್ನೊಂದು. ಡಿಗ್ರಿಯ ಅರ್ಧವನ್ನು ಬಸ್ಸಿನಲ್ಲಿ ನಿಂತೇ ಓದಿದ್ದೇನೆ. ಬಸ್ಸು ತಪ್ಪಿದ ದಿನ ಅಪ್ಪನ ಲಾರಿ. ನನ್ನ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ಕೊನೆಯವರೆಗೂ ಶುಂಠಿ ವಾಸನೆ ಹೊಡೆಯುತ್ತಿತ್ತು. ಆ ಲಾರಿ ನನಗಿಂತ ನಾಲ್ಕೈದು ವರ್ಷ ಚಿಕ್ಕದು. ಕಾಫಿ, ಶುಂಠಿ, ಗೊಬ್ಬರ, ಕಲ್ಲು, ಏನು ಸಿಕ್ಕರೂ ಹೊತ್ತು ನನ್ನನ್ನು ಓದಿಸಿತು. ನಡೆಸಿದವರು ಅಪ್ಪ ಒಬ್ಬರೇ. ಇನ್ನೊಬ್ಬರ ಕೈಗೆ ಸ್ಟೇರಿಂಗ್ ಕೊಟ್ಟವರಲ್ಲ.

ನಾಲ್ಕು ವರ್ಷದ ಹಿಂದಿನ ಚಳಿಗಾಲದಲ್ಲಿ ಆ ಸ್ಟೇರಿಂಗನ್ನು ಅಪ್ಪನ ಕೈಯಿಂದ ಬಿಡಿಸಲು ನಾನು ತೀರ್ಮಾನಿಸಿದೆ. ಹಿಂದಿನ ಕೆಲವು ತಿಂಗಳಿಂದ ಅವರು ಮಂಕಾಗಿದ್ದರು. ತಲೆ ಹಿಡಿದುಕೊಂಡು ಕೂರುತ್ತಿದ್ದರು. ಒಂದು ಬೆಳಿಗ್ಗೆ ಬಿಸ್ಲೆ ಕಡೆಯ ರಸ್ತೆಯಲ್ಲಿ, ಹೊಂಗಡಹಳ್ಳದ ಹತ್ತಿರ, ಲಾರಿಯ ಎಡಚಕ್ರ ಚರಂಡಿಗೆ ಇಳಿಯಿತು. ಇನ್ನೆರಡು ಮಾರು ಮುಂದೆ ಇಳಿದಿದ್ದರೆ ಚರಂಡಿ ಇರಲಿಲ್ಲ, ಕಮರಿ ಇತ್ತು. "ಕಣ್ಣು ಎಳೆದ್ಬುಡ್ತು ಕಣವ್ವ" ಎಂದರು ಅಷ್ಟೇ. ಡಾಕ್ಟರ ಬಳಿ ಕರೆದೊಯ್ದೆ. ಬಿ.ಪಿ. ಸರಿ, ಸಕ್ಕರೆ ಸರಿ. ಡಾಕ್ಟರು ಕೇಳಿದ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಕೊಟ್ಟೆ: ವಯಸ್ಸಾಯಿತು, ನಿದ್ದೆ ಸಾಲದು, ಹೇಳಿದರೆ ಕೇಳುವುದಿಲ್ಲ. ಹೊರಗೆ ಬಂದು, "ಲಾರಿ ಮಾರೋಣ ಅಪ್ಪ. ಇನ್ನು ಸಾಕು" ಎಂದೆ.

ಅಪ್ಪ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಮಾರನ. ಆದ್ರೆ ಆ ಟಕ್ ಟಕ್ ಸದ್ದು ನಿಲ್ಸಿ ಮಾರನ. ರೋಗ ಇರೋ ಗಾಡಿ ತಲೆಗೆ ಕಟ್ಟಿದ ಅಂತ ಅನ್ನಿಸ್ಕೊಳೋದು ಬ್ಯಾಡ" ಎಂದರು.

ಸದ್ದು ನನಗೂ ಗೊತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಯಾರೋ ಉಗುರಿನಿಂದ ತಗಡು ಕುಟ್ಟಿದ ಹಾಗೆ ಶುರುವಾಗುತ್ತಿತ್ತು. ಆಲೂರಿನ ಗ್ಯಾರೇಜಿನವರು ವಾಲ್ವು ಒತ್ತುವ ಟ್ಯಾಪೆಟ್ ಸಡಿಲವಾಗಿದೆ ಎಂದಿದ್ದರು. ಇಂಜಿನ್ ತಲೆಯ ಮುಚ್ಚಳ ತೆಗೆದು ಎರಡು ಸಲ ಅಡ್ಜಸ್ಟ್ ಮಾಡಿದ್ದರು. ಎರಡು ಸಲವೂ ಮಾರನೆಯ ಬೆಳಿಗ್ಗೆ ಸದ್ದು ಹಾಜರು. ಕೊಳ್ಳುವವರು ತಿಂಗಳ ಕೊನೆಯ ಭಾನುವಾರ ಬರುತ್ತೇನೆಂದಿದ್ದರು. ನಾನು ಅಪ್ಪನನ್ನು ಕೂರಿಸಿಕೊಂಡು, ಅಂದರೆ ಅಪ್ಪ ನನ್ನನ್ನು ಕೂರಿಸಿಕೊಂಡು, ಇಬ್ಬರೂ ಸಕಲೇಶಪುರಕ್ಕೆ ಹೋದೆವು.

"ಟ್ಯಾಪೆಟ್ ತೊಂದರೆ. ಎರಡು ಸಲ ಮಾಡಿಸಿದ್ದೇವೆ..." ಎಂದು ನಾನು ಶುರುಮಾಡಿದೆ.

"ಓಡ್ಸೋರು ನೀವಾ?"

"ಅಲ್ಲ, ನಮ್ಮಪ್ಪ."

"ಹಂಗಾದ್ರೆ ಅವ್ರು ಹೇಳ್ಲಿ. ನೀವು ಚಾ ಕುಡೀರಿ."

ಮೂವತ್ತೈದು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುವವಳು ನಾನು. ನನಗೇ ಚಾ ಕುಡಿಯಲು ಹೇಳಿದರು. ಅಪ್ಪ ಗಂಟಲು ಸರಿಮಾಡಿಕೊಂಡು, "ಟಕ್ ಟಕ್ ಅಂತೈತೆ ಮೇಸ್ತ್ರಿ. ಬೆಳಗ್ಗೆ ಜೋರು. ಆಮ್ಯಾಕೆ ಕಮ್ಮಿ ಆಯ್ತದೆ" ಎಂದರು. ಮೇಸ್ತ್ರಿ ಬಾನೆಟ್ ಎತ್ತಿ, ಇಂಜಿನ್ ಓಡಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಟು ಬಹಳ ಹೊತ್ತು ನಿಂತರು. ಲಾರಿ ದೇವಸ್ಥಾನದೊಳಗಿನ ಮಗುವಿನಂತೆ ಸುಮ್ಮನಿತ್ತು.

"ಬಿಸಿಯಾಗೈತೆ, ಈಗ ಹೇಳಲ್ಲ ಅದು. ತಣ್ಣಗಿದ್ದಾಗ ತಗೊಂಬನ್ನಿ."

"ಅಲ್ಲಿಂದ ಇಲ್ಲಿಗೆ ಓಡಿಸಿಕೊಂಡು ಬಂದರೆ ಬಿಸಿಯಾಗೇ ಆಗುತ್ತಲ್ಲ?"

ಮೇಸ್ತ್ರಿ ಯೋಚಿಸಿ, "ಅದು ನಿಜ" ಎಂದರು. ತಮ್ಮ ಚಾ ಎತ್ತಿಕೊಂಡರು.

ಕೊನೆಗೆ ಲಾರಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮರಳಿದೆವು. ಮಾರನೆಯ ದಿನ ಫೋನು ಮಾಡಿದರೆ, ಹಿಂದೆ ನಿಂತಿದ್ದ ಇನ್ನೊಂದು ಲಾರಿ ತೆಗೆಯಲೆಂದು ಯಾರೋ ನಮ್ಮದನ್ನು ಸ್ಟಾರ್ಟ್ ಮಾಡಿ ಮುಂದಕ್ಕೆ ನಿಲ್ಲಿಸಿದ್ದರಂತೆ. "ನಾನು ನಮಾಜಿಗೆ ಹೋಗಿದ್ದೆ. ಬರೋದ್ರಲ್ಲಿ ಬಿಸಿ ಮಾಡ್ಬುಟ್ಟಿದ್ರು. ನಾಳೆ ನೋಡನ." ನಾಳೆಗೆ ಅಪ್ಪನಿಗೆ ಗೊಬ್ಬರದ ಬಾಡಿಗೆ ಇತ್ತು, ಲಾರಿ ತಂದುಬಿಟ್ಟರು. ನಾನು ಫೋನಿನಲ್ಲೇ ರೇಗಿದೆ: "ಮೇಸ್ತ್ರಿ, ಒಂದು ಶಬ್ದ ಕೇಳೋಕೆ ಎಷ್ಟು ದಿನ ಬೇಕು ನಿಮಗೆ?" ಅವರ ದನಿ ಒಂದಿಷ್ಟೂ ಏರಲಿಲ್ಲ. "ಕೇಳೋಕೆ ಒಂದ್ನಿಮಿಷ ಟೀಚ್ರೇ. ಆ ನಿಮಿಷ ಸಿಗ್ಬೇಕಲ್ಲ. ಗುರ್ವಾರ ಫಸ್ಟ್ ಬಸ್ಸಿಗೆ ನಾನೇ ಬತ್ತೀನಿ."

ನಾನು ರಜೆ ಹಾಕಿದೆ. ಗುರುವಾರ ಬೆಳಿಗ್ಗೆ ಮೇಸ್ತ್ರಿ ಬಸ್ಸಿಳಿದು ಬಂದರು. ಮಳೆಯಿಲ್ಲದಿದ್ದರೂ ಕೊಡೆ, ಹೆಗಲಿಗೆ ಬಟ್ಟೆಯ ಚೀಲ, ಅದರಿಂದ ಹೊರಗಿಣುಕುವ ಸ್ಕ್ರೂಡ್ರೈವರಿನ ಹಿಡಿ. ನಮ್ಮ ಬೇಲಿಯ ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಒಳಗೆ ಲಾರಿ ಮೆತ್ತಗೆ ಗುಡುಗುಡು ಎನ್ನುತ್ತಿತ್ತು. ತೊಳೆದು, ಹೂ ಮುಡಿಸಿ, ಊದಿನಕಡ್ಡಿ ಹಚ್ಚಿ, ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

"ಯಾಕ್ ಸ್ಟಾರ್ಟ್ ಮಾಡಿದ್ರಿ ಗೌಡ್ರೇ?"

"ನೀವು ಬತ್ತೀರಲ್ಲ ಮೇಸ್ತ್ರಿ, ಅದ್ಕೆ ಬಿಸಿ ಮಾಡಿಟ್ಟಿವ್ನಿ."

ನೆಂಟರಿಗೆ ಕಾಫಿ ಕಾಯಿಸಿಟ್ಟ ಹಾಗೆ! ನಾನು ಹಣೆ ಹಿಡಿದುಕೊಂಡೆ. ಅಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ, ಗುರುವಾರದವರೆಗೆ ಹತ್ತು ಸಲ ಹೇಳಿದ್ದೆ. ಆದರೆ ದೊಡ್ಡವರು ಮನೆಗೆ ಬರುವಾಗ ಗಾಡಿಯನ್ನು ತಣ್ಣಗೆ, ಪೂಜೆಯಿಲ್ಲದೆ ನಿಲ್ಲಿಸುವುದು ಅವರಿಂದ ಆಗಲಿಲ್ಲ. ಮೇಸ್ತ್ರಿ ಕೊಡೆಯನ್ನು ಗೋಡೆಗೆ ಆನಿಸಿದರು. ನಮ್ಮದೇ ಜಗಲಿಯಲ್ಲಿ ನಮಗೇ ಹೇಳಿದರು: "ಆರ್ಲಿ, ಕೂತ್ಕೊಳಿ."

ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕರವರೆಗೆ ಕೂತರು. ಅಕ್ಕಿ ರೊಟ್ಟಿ ತಿಂದರು. ಗಂಟೆಗೊಮ್ಮೆ ಎದ್ದು ಹೋಗಿ ಇಂಜಿನ್ನಿಗೆ ಕೈಯ ಹಿಂಭಾಗ ಹಿಡಿದು ಬಂದು ಮತ್ತೆ ಕೂತರು. ಕೇಳದೆಯೇ ನಮ್ಮ ಮಿಕ್ಸಿ ರಿಪೇರಿ ಮಾಡಿದರು. ನನ್ನ ರಜೆ ಹಾಳಾಗುತ್ತಿರುವುದನ್ನು ನಾನು ನೋಟ್‌ಬುಕ್ ತಿದ್ದುತ್ತಾ ನೋಡಿದೆ. ಅವರು ಅಪ್ಪನ ಜೊತೆ ಘಾಟಿ, ಬ್ರೇಕು, ಹಳೇ ಡ್ರೈವರುಗಳು ಎಂದು ಹರಟುತ್ತಿದ್ದರು. ಊಟದ ನಂತರ, ಹರಟೆಯ ದನಿಯಲ್ಲೇ ಕೇಳಿದರು:

"ಬೆಳಗ್ಗೆ ಎದ್ದು ಏನ್ಮಾಡ್ತೀರಿ ಗೌಡ್ರೇ?"

"ಏನಿಲ್ಲ, ಐದೂವರೆಗೆ ಗಾಡಿ ಸ್ಟಾರ್ಟ್ ಮಾಡ್ತೀನಿ, ಶೆಡ್ನಾಗೇ. ಊದಿನ್ಕಡ್ಡಿ ಹಚ್ಚಿ, ಬಿಸಿ ಆಗೋಗಂಟ ಒಳಗೇ ಕೂತ್ಕೊಂಡು ದೇವ್ರ ನೆನೀತೀನಿ. ಕಾಲು ಗಂಟೆ, ಅರ್ಧ ಗಂಟೆ."

"ಗಾಜು?"

"ಏರ್ಸಿರ್ತೀನಿ. ಚಳಿ ಅಲ್ವಾ."

"ತಲೆ ನೋಯ್ತದಾ?"

"ನೋಯ್ತದೆ ಮಾರಾಯ್ರೆ. ಎಂಟು ಗಂಟೆ ಹೊತ್ಗೆ ಒಡೆದೋಗಂಗೆ. ಮಧ್ಯಾಹ್ನದ ಮ್ಯಾಲೆ ಇರಲ್ಲ."

"ಭಾನ್ವಾರ?"

"ಭಾನ್ವಾರ ಗಾಡಿ ತೆಗೆಯಲ್ಲ."

"ಗಾಡಿ ಕೇಳ್ಳಿಲ್ಲ. ತಲೆ ಕೇಳ್ದೆ."

ಅಪ್ಪ ತಲೆ ಮುಟ್ಟಿ ನೋಡಿಕೊಂಡರು. "ಭಾನ್ವಾರ ನೋಯಲ್ಲ" ಎಂದರು, ತಮಗೂ ಈಗ ತಾನೆ ಗೊತ್ತಾದವರಂತೆ.

ನನ್ನ ಕೆಂಪು ಪೆನ್ನು ನಿಂತಿತು. ಈ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನೂ ನಾನು ಅಪ್ಪನಿಗೆ ಕೇಳಿರಲಿಲ್ಲ. ಅವರ ಪರವಾಗಿ ಉತ್ತರ ಹೇಳುವುದರಲ್ಲೇ ಇದ್ದೆ.

ನಾಲ್ಕು ಗಂಟೆಗೆ ಇಂಜಿನ್ ಆರಿತು. ಮೇಸ್ತ್ರಿ ಗಾಳಿ ಆಡಬಾರದೆಂದು ಮೊದಲು ಫ್ಯಾನ್ ಬೆಲ್ಟ್ ಬಿಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ಟೀಚ್ರೇ, ಒಂದು ಊದಿನ್ಕಡ್ಡಿ ಹಚ್ಕೊಡಿ" ಎಂದರು. ಬೆಳಗಿನ ಪೂಜೆ ಸಾಲಲಿಲ್ಲವೇನೋ ಎಂದು ಗೊಣಗುತ್ತಲೇ ತಂದುಕೊಟ್ಟೆ. ಅಪ್ಪ ಕೀಲಿ ತಿರುಗಿಸಿದರು. ಟಕ್ ಟಕ್ ಟಕ್. ಇಷ್ಟು ದಿನ ಕಾಡಿಸಿದ ಸದ್ದು ಅಂಗಳದ ತುಂಬ ಕುಣಿಯತೊಡಗಿತು.

ಇಂಜಿನ್ನಿನ ಪಕ್ಕಕ್ಕೆ ಬೀಡುಕಬ್ಬಿಣದ ಒಂದು ದಪ್ಪ ಕೊಳವೆ ಅಂಟಿಕೊಂಡಿರುತ್ತದೆ, ಆರೂ ಸಿಲಿಂಡರುಗಳ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿಗೆ ಕಳಿಸುವುದು. ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದು ಇಂಜಿನ್ನಿಗೆ ಸೇರುವ ಒಂದೊಂದು ಕೂಡಿನ ಹತ್ತಿರವೂ ಮೇಸ್ತ್ರಿ ಊದಿನಕಡ್ಡಿ ಹಿಡಿಯುತ್ತ ಹೋದರು. ಒಂದು, ಎರಡು, ಮೂರು. ಎಳೆಹೊಗೆ ನೆಟ್ಟಗೆ ಮೇಲೆ ಹೋಯಿತು. ನಾಲ್ಕು, ಐದು. ಆರನೆಯದು ಕ್ಯಾಬಿನ್ನಿಗೆ ತಾಗಿಕೊಂಡಂತಿದ್ದ ಕೊನೆಯ ಕೂಡು. ಅಲ್ಲಿ ಹೊಗೆ ಬೆಚ್ಚಿಬಿದ್ದು ಪಕ್ಕಕ್ಕೆ ಹಾರಿತು. ಟಕ್ ಎಂದಾಗ ಹಾರಿತು, ಮತ್ತೆ ಟಕ್ ಎಂದಾಗ ಮತ್ತೆ ಹಾರಿತು.

"ನೋಡಿ ಬೇಗ. ಕಬ್ಣ ಬಿಸಿಯಾಗಿ ಹಿಗ್ಗಿದ್ರೆ ಸಂದಿ ಮುಚ್ಕೊಬುಡ್ತದೆ" ಎಂದರು. ಬಗ್ಗಿ ನೋಡಿದೆ. ಕೂಡಿನ ಸುತ್ತ ಕಾಡಿಗೆ ತೀಡಿದಂತೆ ಮಸಿಯ ಗೆರೆ. ಅದನ್ನು ಬಿಗಿದು ಹಿಡಿಯಬೇಕಾದ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಒಳಗೇ ಮುರಿದಿತ್ತು. ನಾವು ನೋಡುತ್ತಿದ್ದಂತೆಯೇ ಸದ್ದು ತೆಳುವಾಗುತ್ತ ಬಂತು. ಮೇಸ್ತ್ರಿ ಇಂಜಿನ್ ನಿಲ್ಲಿಸಿ, ಕ್ಯಾಬಿನ್ನಿನೊಳಗೆ ಹತ್ತಿ, ಗೇರಿನ ಬುಡದ ರಬ್ಬರು ಹರಿದಿದ್ದಲ್ಲಿ ಬೆರಳು ತೂರಿಸಿದರು. ಆ ಬೆರಳು ಕೆಳಗೆ ಇಂಜಿನ್ ಪಕ್ಕದಲ್ಲಿ ನಮಗೆ ಕಾಣಿಸಿತು.

ಅಪ್ಪ ದಿನಾ ಬೆಳಿಗ್ಗೆ, ಸೋರಿಕೆ ಅತಿ ಹೆಚ್ಚಿರುವ ಹೊತ್ತಿನಲ್ಲಿ, ಶೆಡ್ಡಿನೊಳಗೆ, ಗಾಜು ಏರಿಸಿಕೊಂಡು, ಆ ತೂತಿನ ಪಕ್ಕದಲ್ಲೇ ಕೂತು ದೇವರನ್ನು ನೆನೆಯುತ್ತಿದ್ದರು. ಏನಾದರೂ ವಾಸನೆ ಬಂದರೆ ಅದನ್ನು ಊದಿನಕಡ್ಡಿ ನುಂಗುತ್ತಿತ್ತು.

"ಟೀಚ್ರೇ, ಮುಚ್ಚಿದ್ ಜಾಗ್ದಲ್ಲಿ ಇಂಜಿನ್ ಹೊಗೆ ಕುಡೀಬಾರ್ದು ಅಂತ ಮಕ್ಳ ಪುಸ್ತಕದಾಗೆ ಐತಾ?"

"ಐತೆ" ಎಂದೆ. ಕಾರ್ಬನ್ ಮಾನಾಕ್ಸೈಡ್, ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು, ಮಂಪರು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಕೆಳಗೆ ಗೆರೆಯನ್ನೂ ಎಳೆಯುತ್ತೇನೆ. ಪರೀಕ್ಷೆಗೆ ಬರುತ್ತದೆ ಎಂದೂ ಹೇಳುತ್ತೇನೆ.

ಮೇಸ್ತ್ರಿ ಬೆರಳಿನ ಮಸಿ ಒರೆಸಿಕೊಂಡರು. ನಾನೇ ತಡೆಯಲಾರದೆ ಕೇಳಿದೆ: "ಹಾಗಾದರೆ ಇದು ಸರಿಯಾದ ಮೇಲೆ ಅಪ್ಪ ಓಡಿಸಬಹುದಾ? ಮಾರೋದು ಬೇಡವಾ?"

"ಅದ್ ನನ್ ಕೆಲ್ಸ ಅಲ್ಲ. ನಾನು ಸ್ಟಡ್ ಹಾಕ್ತೀನಿ, ರಬ್ಬರ್ ಹಾಕ್ತೀನಿ. ಹದ್ನೈದು ದಿನ ಬಿಟ್ಟು ಅವ್ರನ್ನ ಕೇಳಿ."

"ನಿಮಗೇನನ್ನಿಸುತ್ತೆ ಹೇಳಿ ಮೇಸ್ತ್ರಿ, ಒಂದು ಮಾತು!"

"ಅವ್ರನ್ನ ಕೇಳಿ. ಕೇಳಿ ಸುಮ್ಕೆ ಕೂತ್ಕೊಳಿ. ನೀವೇ ಹೇಳ್ಬ್ಯಾಡಿ."

ಒಂದು ಹೌದು, ಒಂದು ಇಲ್ಲ. ಅಷ್ಟನ್ನು ಹೇಳಲು ಆ ಮನುಷ್ಯನಿಗೆ ಏನು ಕಷ್ಟವಿತ್ತೋ.

ಮಾರನೆಯ ದಿನ ಡ್ರಿಲ್ಲು ತಂದು, ನಮ್ಮ ಅಂಗಳದಲ್ಲೇ, ಮುರಿದ ಸ್ಟಡ್ಡಿನ ತುಂಡನ್ನು ಕೊರೆದು ತೆಗೆಯಲು ಒಂದೂವರೆ ದಿನ ತೆಗೆದುಕೊಂಡರು. ಹೊಸ ಪ್ಯಾಕಿಂಗ್ ಹಾಕಿ ಬಿಗಿದು, ಮತ್ತೆ ಆರಲು ಬಿಟ್ಟು, ಮತ್ತೆ ಬಿಗಿದರು. ಹೊರಡುವಾಗ, "ಪಕ್ಕದ್ದೂ ಅದೇ ವಯಸ್ಸಿಂದು. ಯಾವತ್ತಾದ್ರೂ ಮುರೀತದೆ. ಆಗ ಬಿಸಿ ಮಾಡ್ಕೊಂಡು ಬರ್ಬ್ಯಾಡಿ" ಎಂದರು. "ಪಕ್ಕದ್ದನ್ನೂ ಈಗಲೇ ಹಾಕಿಬಿಡಿ" ಎಂದೆ. "ಮುರೀದೇ ಇರೋದನ್ನ ಯಾಕ್ ಮುರೀಲಿ?" ಎಂದು ಕೊಡೆ ಎತ್ತಿಕೊಂಡು ನಡೆದರು.

ಆ ಹದಿನೈದು ದಿನ ಅಪ್ಪ ಲಾರಿಯನ್ನು ಶೆಡ್ಡಿನ ಹೊರಗೆ, ಬಾಗಿಲು ತೆರೆದಿಟ್ಟು ಬಿಸಿ ಮಾಡಿದರು. ಊದಿನಕಡ್ಡಿ ಬೇಲಿಯ ಕಂಬಕ್ಕೆ ಹೋಯಿತು. ತಿಂಗಳ ಕೊನೆಯ ಭಾನುವಾರದ ಹಿಂದಿನ ದಿನ ನಾನು ಅಪ್ಪನ ಎದುರು ಕೂತು ಕೇಳಿದೆ: "ಹೇಗಿದೀಯ ಅಪ್ಪ?" ಕೇಳಿ ಸುಮ್ಮನೆ ಕೂತೆ. ಬಹಳ ಕಷ್ಟವಾಯಿತು. ಅಪ್ಪ ಉತ್ತರ ಕೊಡಲು ತೆಗೆದುಕೊಂಡ ಹೊತ್ತಿನಲ್ಲಿ ನಾನಾಗಿದ್ದರೆ ನಾಲ್ಕು ಉತ್ತರ ಕೊಡುತ್ತಿದ್ದೆ.

"ತಲೆ ನೋಯ್ತಿಲ್ಲ ಕಣವ್ವ. ಕಣ್ಣೂ ಎಳೀತಿಲ್ಲ. ಆದ್ರೆ ಘಾಟಿ ಕಡೆ ಬಾಡ್ಗೆ ಸಾಕು ಅನ್ಸದೆ. ಕುಂದೂರು, ಆಲೂರು, ಇಷ್ಟರಾಗೇ ಓಡ್ಸ್ಕೊಂಡಿರ್ತೀನಿ. ನೀನು ಮಾರು ಅಂದ್ರೆ ಮಾರ್ತೀನಿ."

ಕೊಳ್ಳುವವರಿಗೆ ಬರಬೇಡಿರೆಂದು ಫೋನು ಮಾಡಿದೆ.

ಮೇಸ್ತ್ರಿಯ ಮನೆಗೆ ಅಪ್ಪನೂ ನಾನೂ ಹೋಗಿ ಬಂದೆವು. ಅಲ್ಲಿಯೂ ಎಲ್ಲರ ಬಾಯಲ್ಲಿ ತಾಳ್ಮೆ, ತಾಳ್ಮೆ. ಗ್ಯಾರೇಜಿನ ಮುಂದೆ ಹಾದಾಗ ಆ ಬಸ್ ಸೀಟು ಹೊರಗಿತ್ತು. ಸ್ಪ್ರಿಂಗು ಹಾಗೇ ಎದ್ದಿತ್ತು.

ಅದಾಗಿ ಮೂರು ವಾರಕ್ಕೆ ಲಾರಿ ಮತ್ತೆ ಟಕ್ ಟಕ್ ಎಂದಿತು. ಮೇಸ್ತ್ರಿ ಹೋಗುವುದು ಹೋದರು, ಇನ್ನೊಂದು ತಿಂಗಳು ಕಾಯಬಾರದಿತ್ತೇ? ಅಡುಗೆಮನೆಯಿಂದ ಓಡಿಬಂದು ಕೀಲಿ ಕಿತ್ತುಕೊಂಡೆ. ಅಪ್ಪ ಕೆಳಗಿಳಿದು, "ಈ ಸಲ ವಯಸ್ಸಾಗಿರೋದು ಯಾರಿಗೆ ಅಂತ ಮೊದ್ಲೇ ಹೇಳ್ಬುಡವ್ವ, ನಂಗೋ ಗಾಡಿಗೋ?" ಎಂದರು. ಮಾರನೆಯ ಬೆಳಿಗ್ಗೆ ತಣ್ಣನೆಯ ಇಂಜಿನ್ನಿನ ಫ್ಯಾನ್ ಬೆಲ್ಟನ್ನು ಅಪ್ಪ ಬಿಚ್ಚಿದರು, ಊದಿನಕಡ್ಡಿಯನ್ನು ನಾನು ಹಿಡಿದೆ. ಐದನೆಯ ಕೂಡಿನಲ್ಲಿ ಹೊಗೆ ಬೆಚ್ಚಿತು.

ಬೆಲ್ಟ್ ಹಾಕಿ, ಎರಡೂ ಕಡೆಯ ಗಾಜು ಇಳಿಸಿ, ಚಳಿಯಲ್ಲಿ ನಡುಗುತ್ತ ಆಲೂರಿನ ಹೊಸ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಚುರುಕು ಮನುಷ್ಯ. ಅಪ್ಪ ಮಾತು ಮುಗಿಸುವ ಮೊದಲೇ, "ಟ್ಯಾಪೆಟ್ ಯಜಮಾನ್ರೆ, ಹತ್ತು ನಿಮಿಷದ ಕೆಲ್ಸ" ಎಂದು ಸ್ಪ್ಯಾನರು ಎತ್ತಿಕೊಂಡ.

"ಮುಚ್ಚಳ ಮುಟ್ಟಬೇಡಿ. ಐದನೇ ಕೂಡಿನ ಸ್ಟಡ್ ಮುರಿದಿದೆ" ಎಂದೆ.

ಅವನು ಇಂಜಿನ್ನಿಗೆ ಕಿವಿಗೊಟ್ಟು ನಕ್ಕ. "ಸದ್ದೇ ಇಲ್ವಲ್ಲ ಮೇಡಂ?"

"ಇರಲ್ಲ, ಬಿಸಿಯಾಗಿದೆ. ಆರ್ಲಿ, ಕೂತ್ಕೊಳಿ."

"ಎಷ್ಟೊತ್ತು?"

"ಸಂಜೆ ನಾಲ್ಕು ಗಂಟೆ ಆಗಬಹುದು."

ಅವನು ನನ್ನನ್ನು ನೋಡಿದ, ಗಡಿಯಾರ ನೋಡಿದ, ಸ್ಪ್ಯಾನರನ್ನು ಕೆಳಗಿಟ್ಟ. ಆ ಮುಖ ನನಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷದ ಹಿಂದೆ ಅದು ನನ್ನ ಮೇಲಿತ್ತು. ಅಪ್ಪನ ಹತ್ತಿರ ಸರಿದು, ನನಗೆ ಕೇಳಿಸದೆಂದುಕೊಂಡು, "ಮೇಡಮ್ಮೋರು ಯಾವಾಗ್ಲೂ ಹಿಂಗೇನಾ?" ಎಂದ.

"ಇಲ್ಲ ಮಾರಾಯ" ಎಂದರು ಅಪ್ಪ. "ನಾಕು ವರ್ಷದಿಂದ."

ನಾನು ಎದ್ದು ಹೋಗಿ ಮ್ಯಾನಿಫೋಲ್ಡಿಗೆ ಕೈಯ ಹಿಂಭಾಗ ಹಿಡಿದು ನೋಡಿದೆ. ಇನ್ನೂ ಬಿಸಿಯಿತ್ತು.